ತಾಯಕ್ಕನ ಬಾಗಿಲಲ್ಲಿ ನಿಂತ ಮದುಮಗ

ನಮ್ಮ ಕಡೆ ಮೇ ತಿಂಗಳೆಂದರೆ ಬಂಡೆಗಲ್ಲು ಕಾಯುವ ತಿಂಗಳು. ಹಂಪಿ ನೋಡಲು ಬಂದವರು ಮಧ್ಯಾಹ್ನಕ್ಕೆ ಮೊದಲೇ ರೂಮು ಸೇರಿ ಫ್ಯಾನಿನ ಕೆಳಗೆ ಅಂಗಾತ ಮಲಗಿಬಿಡುತ್ತಾರೆ. ಅಂಥ ತಿಂಗಳಲ್ಲಿ ಆ ವರ್ಷ ಮಳೆ ಹಿಡಿಯಿತು. ಒಂದು ಗುಡುಗು ಗುಡುಗಿ ನಾಲ್ಕು ಹನಿ ಉದುರಿಸಿ ಹೋಗುವ ಮಳೆಯಲ್ಲ. ತಿಂಗಳು ಹುಟ್ಟುತ್ತಲೇ ಬಂದು, ಊರಿಗೆ ಹೋಗುವ ಮಾತೇ ಎತ್ತದ ಬೀಗರ ಹಾಗೆ ಕುಳಿತುಬಿಟ್ಟಿತು. ನನ್ನದು ಕಡ್ಡಿರಾಂಪುರದಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ. ಮಳೆಯಲ್ಲಿ ನೆನೆದುಕೊಂಡು ಸೈಕಲ್ ತುಳಿಯುವ ಪ್ರವಾಸಿ ಇನ್ನೂ ಹುಟ್ಟಿಲ್ಲ. ಹೀಗಾಗಿ ಅಂಗಡಿಗೆ ಬೀಗ ಹಾಕಿ ದಿನವಿಡೀ ಮುರುಗೇಶನ ಕುದುರೆ ಫಾರ್ಮಿನಲ್ಲಿ ಬಿದ್ದಿರುತ್ತಿದ್ದೆ. ಕೈಯಲ್ಲಿ ಕೆಲಸವಿದ್ದಿದ್ದರೆ ಈ ಸಂಗತಿ ನನಗೂ ಎಲ್ಲರ ಹಾಗೆ ವಾಟ್ಸಾಪಿನಲ್ಲೇ ಗೊತ್ತಾಗುತ್ತಿತ್ತು.

ಫಾರ್ಮು ಎಂದೊಡನೆ ದೊಡ್ಡ ಕಲ್ಪನೆ ಮಾಡಿಕೊಳ್ಳಬೇಡಿ. ಬಾಳೆತೋಟದ ಮಗ್ಗುಲಿಗೆ ಕಲ್ಲುಕಂಬದ ಮೇಲೆ ತಗಡು ಹೊದಿಸಿದ ಒಂದು ಲಾಯ, ಒಂದು ಹುಲ್ಲಿನ ಬಣವೆ, ಒಂದು ನೀರಿನ ತೊಟ್ಟಿ, ಮೂರು ಕುದುರೆ. ಬೋರ್ಡು ಮಾತ್ರ ಲಾಯಕ್ಕಿಂತ ಉದ್ದ. 'ವಿಜಯನಗರ ರಾಯಲ್ ಅಶ್ವಶಾಲೆ ಮತ್ತು ಸ್ಟಡ್ ಫಾರ್ಮ್.' ಅದನ್ನು ಬರೆದ ಪೇಂಟರು, "ಸ್ಟಡ್ ಅಂದ್ರ ಏನ್ರಿ?" ಎಂದು ಕೇಳಿದಾಗ ಮುರುಗೇಶ ಸ್ವಲ್ಪ ಯೋಚಿಸಿ, "ದೊಡ್ಡದು ಅಂತ" ಎಂದಿದ್ದ.

ಮೂರು ಕುದುರೆಗಳಲ್ಲಿ ಸುಲ್ತಾನ ಎಂಬುದು ನೋಡಲು ಭರ್ಜರಿ, ಆದರೆ ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಕಂಡರೆ ಬೆದರಿ ಬಾಳೆತೋಟಕ್ಕೆ ನುಗ್ಗುತ್ತಿತ್ತು. ಚೋಟು ಎಂಬುದು ಮಕ್ಕಳನ್ನು ಕೂರಿಸುವ ತಟ್ಟು, ಮಕ್ಕಳನ್ನು ಬಿಟ್ಟು ಉಳಿದವರನ್ನೆಲ್ಲ ಕಚ್ಚುತ್ತಿತ್ತು. ಮೂರನೆಯದು ಮಲ್ಲಿ. ಬಿಳಿ ಹೆಣ್ಣು ಕುದುರೆ, ವಯಸ್ಸಾದದ್ದು, ಬಲು ಸಾಧು. ಫಾರ್ಮು ನಡೆಯುತ್ತಿದ್ದದ್ದೇ ಅವಳಿಂದ. ಮದುಮಗ ಎಷ್ಟೇ ಹೆದರುಪುಕ್ಕಲನಾಗಿರಲಿ, ಅವನನ್ನು ಬೆನ್ನ ಮೇಲೆ ಕೂರಿಸಿಕೊಂಡು ಪಟಾಕಿ, ಬ್ಯಾಂಡು, ಕುಣಿಯುವ ಗೆಳೆಯರು ಯಾವುದಕ್ಕೂ ಜಗ್ಗದೆ ಮಂಟಪ ಮುಟ್ಟಿಸುತ್ತಿದ್ದಳು.

ಮಲ್ಲಿ ನಿಜವಾಗಿ ಯಾರೆಂದು ಗೊತ್ತಿದ್ದದ್ದು ಮುರುಗೇಶನಿಗೆ, ಅವನ ಹೆಂಡತಿ ಚಂದ್ರಕಲಾಳಿಗೆ ಮತ್ತು ನನಗೆ. ಅವಳು ಮುರುಗೇಶನ ಅಪ್ಪ ಜಂಬಪ್ಪನ ಟಾಂಗಾ ಎಳೆದವಳು. ಹೊಸಪೇಟೆ ಸ್ಟೇಷನ್ನಿನಿಂದ ಹಂಪಿಯವರೆಗೆ ಓಡುತ್ತಿದ್ದ ಕೊನೆಯ ಟಾಂಗಾಗಳಲ್ಲಿ ಅದೂ ಒಂದು. ಆಟೋಗಳು ಬಂದು ಟಾಂಗಾ ಮೂಲೆ ಸೇರಿತು, ಜಂಬಪ್ಪ ತೀರಿಕೊಂಡ, ಕುದುರೆ ಮಗನ ಪಾಲಿಗೆ ಬಂತು. ಟಾಂಗಾ ಎಳೆದ ಕುದುರೆಯ ಮೇಲೆ ಕುಳಿತು ಮದುವೆಗೆ ಹೋಗಲು ಯಾವ ಮದುಮಗ ಒಪ್ಪುತ್ತಾನೆ ಎಂದು ಮುರುಗೇಶ ಅವಳಿಗೆ ಹೊಸ ಜನ್ಮ ಕೊಟ್ಟ. ಹೆಸರು ರಾಜಲಕ್ಷ್ಮಿ. ಊರು ಮೈಸೂರು. ದಸರಾ ಮೆರವಣಿಗೆಯಲ್ಲಿ ಹಲವು ವರ್ಷ ನಡೆದು, ವಯಸ್ಸಾದ ಮೇಲೆ ವಿಶ್ರಾಂತಿಗೆಂದು ಹಂಪಿಗೆ ಬಂದವಳು. ಹೊಸಪೇಟೆಯ ಒಂದು ಸ್ಟುಡಿಯೋದಲ್ಲಿ ಅವಳ ಹಿಂದೆ ಅರಮನೆ ಮತ್ತು ಆನೆಗಳನ್ನು ಕೂಡಿಸಿ ಒಂದು ಫೋಟೋ ಮಾಡಿಸಿ ಲಾಯದ ಬಾಗಿಲಿಗೇ ತೂಗುಹಾಕಿದ್ದ. ಸ್ಟೇಷನ್ನಿನ ಆಚೆಗೆ ಒಂದು ಹೆಜ್ಜೆ ಇಡದವಳು ಫೋಟೋದಲ್ಲಿ ಮಾತ್ರ ಆನೆಗಳಿಗಿಂತ ಗಂಭೀರವಾಗಿ ನಿಂತಿದ್ದಳು.

ಆ ಮಳೆಗಾಲದಂಥ ಬೇಸಿಗೆಯಲ್ಲಿ ಫಾರ್ಮಿನ ದಿನಚರಿಯೇ ಬೇರೆಯಾಗಿತ್ತು. ಬೆಳಿಗ್ಗೆ ಎದ್ದು ಲಾಯದ ಕೆಸರು ಬಳಿಯಬೇಕು. ಗೊರಸಿನ ಸಂದಿಗೆ ಹೊಕ್ಕ ಮಣ್ಣು ಕೆತ್ತಿ ತೆಗೆದು ಒಣಬಟ್ಟೆಯಲ್ಲಿ ಒರೆಸಬೇಕು, ಇಲ್ಲವಾದರೆ ಕೊಳೆಯುತ್ತದೆ. ನೊಣಕ್ಕೆ ಬೇವಿನ ಸೊಪ್ಪಿನ ಹೊಗೆ ಹಾಕಬೇಕು. ಒಣಹುಲ್ಲು ಮುಗ್ಗಿದರೆ ಹೊಟ್ಟೆ ಕೆಡುತ್ತದೆ ಎಂದು ಬಣವೆಗೆ ಟಾರ್ಪಾಲು ಬಿಗಿಯಬೇಕು, ಗಾಳಿಗೆ ಅದು ಹಾರಿದರೆ ಸುಲ್ತಾನನನ್ನು ಬಾಳೆತೋಟದಿಂದ ಹಿಡಿದು ತರಬೇಕು. ಕುದುರೆಯ ಮೇಲೆ ಹೊದಿಸುವ ಕೆಂಪು ಮಖಮಲ್ಲು ಬಿಸಿಲಿಲ್ಲದೆ ಒಣಗುತ್ತಿರಲಿಲ್ಲವಾದ್ದರಿಂದ ಚಂದ್ರಕಲಾ ಅದನ್ನು ಅಡುಗೆಮನೆಯಲ್ಲಿ, ಒಲೆಯ ಮೇಲ್ಗಡೆ ಹಗ್ಗ ಕಟ್ಟಿ ಹರವಿದ್ದಳು. ಆ ಮನೆಯ ರೊಟ್ಟಿಗೂ ಕುದುರೆಯ ವಾಸನೆ ಹತ್ತಿತ್ತು. ನನಗೇನೋ ಅದು ಇಷ್ಟವಾಗುತ್ತಿತ್ತು. ತೊಯ್ದ ಕುದುರೆಯ ಮೈವಾಸನೆ, ನೆನೆಸಿದ ಹುರುಳಿಯ ವಾಸನೆ ಎರಡೂ ಕೂಡಿದರೆ ನಾನು ಮತ್ತೆ ಹೈಸ್ಕೂಲಿಗೆ ಹೋಗುವ ಹುಡುಗನಾಗಿಬಿಡುತ್ತಿದ್ದೆ. ಆಗ ನಾವು ಶಾಲೆಗೆ ಹೋಗುತ್ತಿದ್ದದ್ದು ಜಂಬಪ್ಪನ ಟಾಂಗಾದಲ್ಲೇ, ಹೂವಿನ ಬುಟ್ಟಿ ಬಾಳೆಗೊನೆಗಳ ನಡುವೆ ಕಾಲು ಇಳಿಬಿಟ್ಟುಕೊಂಡು.

ಒಂದು ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಸಂಡೂರಿನಿಂದ ಒಂದು ಜೀಪು ಬಂತು. ಇಳಿದವರು ಕನಕರಾಜ್, ಅಲ್ಲಿ ಲಾರಿ ಇಟ್ಟುಕೊಂಡ ಸಾಹುಕಾರರು, ಮತ್ತು ಅವರ ತಾಯಿ ಉಚ್ಚೆಂಗಮ್ಮ. ಕನಕರಾಜರ ಸೋದರ ಸೊಸೆ ಸೌಜನ್ಯಳನ್ನು ಮಲಪನಗುಡಿಯ ಲಿಂಗರಾಜನಿಗೆ ಕೊಟ್ಟಿದ್ದರು. ಮದುವೆ ಮಲಪನಗುಡಿಯ ಹೊಸ ಕಲ್ಯಾಣ ಮಂಟಪದಲ್ಲಿ. ಇವರ ಮನೆತನದಲ್ಲಿ ಮದುಮಗನಿಗೆ ಕುದುರೆ ಕೊಡಿಸುವುದು ಹುಡುಗಿಯ ಸೋದರಮಾವನ ಪಾಲಿನ ಮರ್ಯಾದೆಯಂತೆ. ಅದಕ್ಕೇ ಕನಕರಾಜ್ ತಾವೇ ನೋಡಿ ಆರಿಸಲು ಬಂದಿದ್ದರು.

"ಒಂದು ಮಾತು ಮೊದಲ ಹೇಳಿಬಿಡತೀನಪ," ಎಂದರು ಉಚ್ಚೆಂಗಮ್ಮ, ಲಾಯದ ಕಟ್ಟೆಯ ಮೇಲೆ ಕುಳಿತು. "ನಮ್ಮಲ್ಲಿ ಕುದುರಿ ಹತ್ತಿದ ಮದುಮಗ ಹುಡುಗಿ ಮಂದಿ ನಿಂತ ಬಾಗಿಲಾಗ ಇಳೀಬೇಕು. ಬ್ಯಾರೆಯವರ ಬಾಗಿಲಾಗ ಇಳಿದ್ನೋ, ಅವ ಆ ಮನಿ ಅಳಿಯ. ನಮಗ ಅವ ಬ್ಯಾಡ. ಹಂಗಾಗಿ ಕುದುರಿ ಸರಿಯಾಗಿರಬೇಕು."

ಇಷ್ಟಕ್ಕೆ "ಆಯ್ತ್ರಿ ಅವ್ವಾರ" ಎಂದು ಸುಮ್ಮನಿದ್ದರೆ ಅವನು ಮುರುಗೇಶನೇ ಅಲ್ಲ. ಫೋಟೋದ ಕಡೆ ಕೈ ತೋರಿಸಿದ. ದಸರಾದ ಕಥೆ ಶುರುಮಾಡಿದ. ಕನಕರಾಜ್ ಫೋನು ತೆಗೆದು ವಿಡಿಯೋ ಮಾಡತೊಡಗಿದರು. ಕ್ಯಾಮೆರಾ ಕಂಡದ್ದೇ ಅವನ ಬಾಯಿಗೆ ಲಗಾಮು ಇಲ್ಲದಂತಾಯಿತು.

"ಸಾವ್ಕಾರ್ರೆ, ಬ್ಯಾರೆ ಕುದುರಿ ಲಗಾಮು ಎಳದ್ರ ನಡೀತಾವ. ನಮ್ಮ ರಾಜಲಕ್ಷ್ಮಿಗೆ ಲಗಾಮು ಬರೇ ಶೋಕಿಗೆ. ಅರಮನಿ ತರಬೇತಿ ಐತಲ್ರಿ. ಮ್ಯಾಲೆ ಕುಂತವರ ಮನಸಿನಾಗ ಏನೈತಿ ಅಂತ ಬೆನ್ನಿಗೆ ತಿಳೀತೈತಿ. ಮನಸು ಎಲ್ಲಿಗೋ, ಕುದುರಿ ಅಲ್ಲಿಗೆ."

"ಮನಸು ತಿಳೀತೈತಾ?" ಎಂದರು ಕನಕರಾಜ್ ಬೆರಗಾಗಿ.

"ಪಕ್ಕಾ. ಮದುಮಗನ ಮನಸು ಸೊಸಿ ಕಡೆ ಇದ್ರ ಸೀದಾ ಮಂಟಪಕ್ಕ ಹೋಗತೈತಿ ನೋಡ್ರಿ."

ಮಲ್ಲಿ ಆ ಹೊತ್ತಿಗೆ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಳು. ನಾನು ಕೆಮ್ಮಿದೆ. ಮುರುಗೇಶ ನನ್ನ ಕಾಲು ತುಳಿದ.

ಮದುವೆಯ ಹಿಂದಿನ ಸಂಜೆ ಮೆರವಣಿಗೆ. ಮುರುಗೇಶ ಜರಿ ರುಮಾಲು ಸುತ್ತಿ, ಮೊಣಕಾಲಿನವರೆಗೆ ಬರುವ ಬೂಟು ಹಾಕಿ, ಸೊಂಟಕ್ಕೆ ನಾಟಕ ಕಂಪನಿಯವರಿಂದ ತಂದ ಕತ್ತಿ ಸಿಕ್ಕಿಸಿಕೊಂಡಿದ್ದ. ಮಲ್ಲಿಯ ಗೊರಸಿಗೆ ಬಂಗಾರದ ಬಣ್ಣ, ಹಣೆಗೆ ಗೊಂಡೆ. ಹಿಂದೆ ದಿನವೂ ಮಲಪನಗುಡಿಯ ಮೇಲೆ ಹಾದುಹೋಗುತ್ತಿದ್ದ ಕುದುರೆಯಾದರೂ, ಟಾಂಗಾ ನಿಂತ ಮೇಲೆ ಆ ಊರೊಳಗೆ ಅವಳು ಬಂದದ್ದು ಅದೇ ಮೊದಲು. ಹನುಮಪ್ಪನ ಗುಡಿಯ ಮುಂದೆ ಲಿಂಗರಾಜನನ್ನು ಹತ್ತಿಸಿದೆವು. ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವ ಹುಡುಗ ಅವನು. ಅಷ್ಟು ಎತ್ತರದ ಕ್ರೇನಿನಲ್ಲಿ ಕೂರುವವನು ಕುದುರೆಯ ಮೇಲೆ ಕುಳಿತು ನಡುಗುತ್ತಿದ್ದ. ಕನಕರಾಜ್ ಮತ್ತು ಹುಡುಗಿಯ ಕಡೆಯವರೆಲ್ಲ ಎದುರುಗೊಳ್ಳಲು ಮಂಟಪದಲ್ಲಿ ಕಾಯುತ್ತಿದ್ದರು. ಅಲ್ಲಿ ದೊಡ್ಡ ಎಲ್‌ಇಡಿ ಪರದೆ ಹಾಕಿ, ಮೆರವಣಿಗೆಯನ್ನು ನೇರವಾಗಿ ತೋರಿಸುವ ವ್ಯವಸ್ಥೆ ಮಾಡಿದ್ದರು. ಈ ವ್ಯವಸ್ಥೆ ಮಾಡಿದ ಪುಣ್ಯಾತ್ಮ ಯಾರೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅರ್ಧ ದಾರಿ ಚೆನ್ನಾಗಿಯೇ ಬಂದೆವು. ಆಮೇಲೆ ಮುಖದ ಮೇಲೆ ಒಂದು ಹನಿ ಬಿತ್ತು. ಎರಡನೆಯ ಹನಿಗೆ ಮಲ್ಲಿ ಕಿವಿ ನೆಟ್ಟಗೆ ಮಾಡಿದಳು. ಮಳೆ ಸುರಿಯತೊಡಗಿದ್ದೇ ತಡ, ಬ್ಯಾಂಡಿನವರನ್ನು ಬಿಟ್ಟು, ಕುಣಿಯುವವರನ್ನು ಸರಿಸಿ, ಬಲಗಡೆಯ ಓಣಿಗೆ ತಿರುಗಿ ದುಡುದುಡು ನಡೆದು, ಒಂದು ಹಳೆಯ ಮನೆಯ ಮುಂದಿನ ತಗಡಿನ ಚಪ್ಪರದ ಕೆಳಗೆ ಹೋಗಿ ನಿಂತುಬಿಟ್ಟಳು. ಮುರುಗೇಶ ಲಗಾಮು ಎಳೆದ. ಶೋಕಿಯ ಲಗಾಮು, ಏನು ಪ್ರಯೋಜನ?

ಅವಳು ಯಾಕೆ ಅಲ್ಲಿಗೆ ಹೋದಳೆಂದು ನಮ್ಮಿಬ್ಬರಿಗೂ ಆ ಕ್ಷಣಕ್ಕೇ ತಿಳಿಯಿತು. ಅದು ತಾಯಕ್ಕನ ಮನೆ. ಹಿಂದೆ ಆ ತಗಡಿನ ಕೆಳಗೆ ತಾಯಕ್ಕ ಚಹಾದಂಗಡಿ ಇಟ್ಟಿದ್ದಳು. ಜಂಬಪ್ಪನ ಟಾಂಗಾದ ಮೇಲ್ಛಾವಣಿ ಎಂಥದ್ದೆಂದರೆ ಮಳೆ ಹೊರಗಿಗಿಂತ ಒಳಗೇ ಜಾಸ್ತಿ ಬೀಳುತ್ತಿತ್ತು. ಹನಿ ಬಿದ್ದರೆ ಜಂಬಪ್ಪ ಇಲ್ಲಿಗೆ ತಂದು ನಿಲ್ಲಿಸುತ್ತಿದ್ದ. ಕೆಲವು ವರ್ಷಗಳ ಮೇಲೆ ಅವನು ತಿರುಗಿಸುವುದೂ ಬೇಕಾಗಲಿಲ್ಲ, ಮಲ್ಲಿಯೇ ಬರುತ್ತಿದ್ದಳು. ಹೂ ಮಾರುವವರು, ಗುಡಿಗೆ ಹೊರಟವರು, ಶಾಲೆಯ ಹುಡುಗರಾದ ನಾವು, ಎಲ್ಲರೂ ಒತ್ತೊತ್ತಾಗಿ ನಿಂತು ಚಹಾ ಕುಡಿಯುತ್ತಿದ್ದೆವು. ಶಾಲೆಗೆ ಹೊತ್ತಾದರೆ ಯಾರ ತಪ್ಪೂ ಅಲ್ಲ. ಅಂಥ ಸುಖದ ಚಹಾವನ್ನು ನಾನು ಆಮೇಲೆ ಎಲ್ಲಿಯೂ ಕುಡಿದಿಲ್ಲ.

ಆದರೆ ಊರಿನ ಕಣ್ಣಿಗೆ ಕಂಡದ್ದು ಬೇರೆ. ಚಹಾದಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ತಾಯಕ್ಕ ಕಂಪ್ಲಿಯ ಮಗಳ ಮನೆಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಮೊಮ್ಮಗಳು ಶಾಂಭವಿ ಒಬ್ಬಳೇ. ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ನರ್ಸು, ಮದುವೆಯಾಗಿಲ್ಲ, ನೋಡಲು ಲಕ್ಷಣವಾಗಿದ್ದಾಳೆ. ಗದ್ದಲಕ್ಕೆ ಬಾಗಿಲು ತೆರೆದವಳ ಮುಂದೆ ಬಾಸಿಂಗ ಕಟ್ಟಿಕೊಂಡ ಮದುಮಗ ಕುದುರೆಯ ಮೇಲೆ ಕುಳಿತಿದ್ದ.

"ಏನ್ ಲಿಂಗರಾಜ?" ಎಂದಳು ಅವಳು.

"ಏನಿಲ್ಲ, ಹಿಂಗ ಬಂದೆ," ಎಂದ ಲಿಂಗರಾಜ.

ಇದಕ್ಕಿಂತ ಕೆಟ್ಟ ಉತ್ತರ ಹುಡುಕಿದರೂ ಸಿಗುತ್ತಿರಲಿಲ್ಲ.

ಪಕ್ಕದ ಮನೆಯ ಗಂಗಾಂಬಿಕಾ ಒಳ್ಳೆಯ ಹೆಂಗಸು. ಊರಿನಲ್ಲಿ ಶಾಸ್ತ್ರಸಂಪ್ರದಾಯ ಬಲ್ಲವಳೆಂದು ಹೆಸರು ಮಾಡಿದವಳು. ಮದುಮಗ ಯಾರ ಬಾಗಿಲಿಗೇ ಬರಲಿ, ಆರತಿ ಎತ್ತದೆ ನಿಲ್ಲಿಸಬಾರದೆಂದು ಓಡಿಹೋಗಿ ತಟ್ಟೆ ತಂದು ಶಾಂಭವಿಯ ಕೈಗೆ ಕೊಟ್ಟಳು. "ಹಿಡಿಯವ್ವ, ಮಳ್ಯಾಗ ದೀಪ ಆರತೈತಿ, ಜಲ್ದಿ," ಎಂದಳು. ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿ, ನಿದ್ದೆಯ ಮಂಪರಿನಲ್ಲಿ ಎದ್ದು ಬಂದಿದ್ದ ಶಾಂಭವಿ ತಟ್ಟೆ ಹಿಡಿದಳು. ಕ್ಯಾಮೆರಾದ ಹುಡುಗನಿಗೆ ಇಂಥ ಚೆಂದದ ದೃಶ್ಯ ಆ ಸಂಜೆ ಇನ್ನೊಂದು ಸಿಕ್ಕಿರಲಿಲ್ಲ. ಅವನು ಹತ್ತಿರ ಬಂದು, ಮೊದಲು ಶಾಂಭವಿಯ ಮುಖ, ಆಮೇಲೆ ದೀಪ, ಆಮೇಲೆ ನಾಚಿಕೆಯಿಂದ ತಲೆ ತಗ್ಗಿಸಿದ ಲಿಂಗರಾಜ, ಹೀಗೆ ನಿಧಾನವಾಗಿ ತೋರಿಸಿದ.

ಮಂಟಪದಲ್ಲಿ ಆ ಹೊತ್ತಿಗೆ ಜನ ಬಿಸಿ ಮಿರ್ಚಿ ತಿನ್ನುತ್ತ ಪರದೆ ನೋಡುತ್ತಿದ್ದರಂತೆ. ಮಿರ್ಚಿ ಕೈಯಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಸಂಡೂರಿನ ಜೀಪು ಕೆಸರು ಹಾರಿಸುತ್ತ ಓಣಿಗೆ ನುಗ್ಗಿತು.

"ಯಾರ ಮನಿ ಇದು?" ಎಂದು ಕೇಳುತ್ತಲೇ ಇಳಿದರು ಕನಕರಾಜ್. ಹಿಂದೆ ಉಚ್ಚೆಂಗಮ್ಮ. ಯಾರೂ ಹೇಳದಿದ್ದರೆ ಒಳ್ಳೆಯದಿತ್ತು. ಆದರೆ ಬ್ಯಾಂಡಿನ ತಮಟೆಯವನು ಅದೇ ಓಣಿಯವನು.

"ಶಾಂಭವಕ್ಕಂದ್ರಿ. ನಮ್ಮ ಲಿಂಗಣ್ಣನ ಜೋಡಿ ಓದಿದಾಕಿ."

"ಜೋಡಿ ಓದಿದಾಕಿ," ಎಂದು ಕನಕರಾಜ್ ನಿಧಾನವಾಗಿ ಪುನರುಚ್ಚರಿಸಿದರು.

"ಒಂದೇ ಕ್ಲಾಸ್ರಿ ಮಾವಾರ," ಎಂದ ಲಿಂಗರಾಜ ಕುದುರೆಯ ಮೇಲಿಂದ. "ಆಕಿ ಮುಂದಿನ ಬೆಂಚು. ನಾ ಹಿಂದ ಕುಂದ್ರತಿದ್ದೆ."

"ಹಿಂದ ಕುಂತು ಏನು ಮಾಡತಿದ್ದಿ?"

ಲಿಂಗರಾಜ ಗಾಬರಿಯಲ್ಲಿ, "ನೋಡತಿದ್ದೆ... ಬೋರ್ಡು," ಎಂದ.

ನಡುವೆ ಬಿಟ್ಟ ಆ ಬಿಡುವು ಅವನ ಪ್ರಾಣಕ್ಕೇ ಬಂತು. ಕನಕರಾಜ್ ಫೋನು ತೆಗೆದು ಜನರ ಮಧ್ಯೆ ಎತ್ತಿ ಹಿಡಿದರು. ಮುರುಗೇಶನ ದನಿಯೇ ಮಳೆಯ ಸದ್ದನ್ನೂ ಮೀರಿ ಕೇಳಿಸಿತು: ಮನಸು ಎಲ್ಲಿಗೋ, ಕುದುರಿ ಅಲ್ಲಿಗೆ. ಜನ ಒಮ್ಮೆ ಕುದುರೆಯ ಮುಖ ನೋಡಿದರು, ಒಮ್ಮೆ ಮದುಮಗನ ಮುಖ, ಆಮೇಲೆ ಶಾಂಭವಿಯ ಮುಖ.

ಶಾಂಭವಿಗೆ ಈಗ ನಿದ್ದೆ ಪೂರ್ತಿ ಹಾರಿಹೋಗಿತ್ತು. ತಟ್ಟೆಯನ್ನು ಗಂಗಾಂಬಿಕಾಳ ಕೈಗೆ ತುರುಕಿ, "ಕುದುರಿ ಬಂದು ನಿಂತ್ರ ನಾ ಏನು ಮಾಡ್ಲಿ? ನಾಳಿ ನನ್ನ ಬಗ್ಗೆ ಊರಾಗ ಏನು ಮಾತಾಡತಾರ, ಅದನ್ನ ಯಾರು ಕೇಳೋರು?" ಎಂದಳು. ದನಿ ಗಡುಸಾಗಿತ್ತು, ಆದರೆ ಕಣ್ಣಂಚು ಕೆಂಪಾಗಿತ್ತು. ಅಲ್ಲಿಯವರೆಗೆ ಒಳಗೊಳಗೇ ನಗುತ್ತಿದ್ದ ನನಗೆ ನಗು ಬಾರದಾಯಿತು.

"ಇಳದುಬಿಡತೀನ್ರಿ, ನಡಕೊಂಡು ಬರ್ತೀನಿ," ಎಂದು ಲಿಂಗರಾಜ ಒಂದು ಕಾಲು ಎತ್ತಿದ.

"ಇಳದ್ರ ನೋಡು," ಎಂದರು ಉಚ್ಚೆಂಗಮ್ಮ. ಅವರು ತಾಯಕ್ಕನ ಮನೆಯ ಕಟ್ಟೆಯ ಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ನ್ಯಾಯಕ್ಕೆ ಕುಳಿತವರ ಹಾಗೆ ಕುಳಿತಿದ್ದರು. ಅಷ್ಟರಲ್ಲಿ ಮಂಟಪದಿಂದ ಸೌಜನ್ಯಳ ಫೋನು ಬಂತು. ಕನಕರಾಜ್ ಸ್ಪೀಕರ್ ಹಾಕಿದರು. "ಮಾವ, ಅವರು ಆ ಬಾಗಿಲಾಗ ಇಳದ್ರ ನಾನು ನಾಳೆ ಹಸಿಮಣಿ ಮ್ಯಾಲೆ ಕುಂದ್ರಂಗಿಲ್ಲ. ಅಷ್ಟ ಹೇಳಿಬಿಡು," ಎಂದಳು ಹುಡುಗಿ ಅಳುತ್ತ. ಲಿಂಗರಾಜ ಎತ್ತಿದ ಕಾಲನ್ನು ಹಾಗೇ ಕುದುರೆಯ ಪಕ್ಕಕ್ಕೆ ಇಳಿಬಿಟ್ಟ.

ಇನ್ನು ಉಳಿದದ್ದು ಕುದುರೆಯನ್ನು ಹೊರಡಿಸುವುದು. ಮಂಟಪದ ಅಡುಗೆಮನೆಯಿಂದ ಬೆಲ್ಲ ತರಿಸಿದರು. ತಿಂದಳು, ಹೊರಡಲಿಲ್ಲ. ಹಿಂದಿನಿಂದ ನಾಲ್ಕು ಜನ ನೂಕಿದರು. ಮಲ್ಲಿ ಹಿಂದಿನ ಕಾಲೊಂದನ್ನು ತುಸು ಎತ್ತಿ ತೋರಿಸಿದಳು, ನಾಲ್ವರೂ ಗಂಗಾಂಬಿಕಾಳ ಅಂಗಳದಲ್ಲಿದ್ದರು. ಬ್ಯಾಂಡಿನವರು ಕಿವಿಯ ಹತ್ತಿರವೇ ಬಾರಿಸಿದರು. ಅವಳು ತೂಕಡಿಸಿದಳು. ಅಷ್ಟು ಹೊತ್ತಿಗೆ ಮಳೆಯೂ ನಿಂತಿತು, ಮೋಡ ಸರಿದು ಸಂಜೆಯ ಬೆಳಕು ಬಂತು. ಕುದುರೆ ಮಾತ್ರ ಕದಲಲಿಲ್ಲ.

"ಮಳಿ ನಿಂತ ಮ್ಯಾಲೂ ಹೋಗವಲ್ದು ಅಂದ್ರ ಏನು ಅರ್ಥ?" ಎಂದರು ಕನಕರಾಜ್. "ಅಡಿಗಿಯವರಿಗೆ ನಿಲ್ಲಿಸ್ರಿ ಅಂತ ಹೇಳಿಬಿಡತೀನಿ."

ಮುರುಗೇಶ ನನ್ನನ್ನು ನೋಡಿದ. ನಾನು ಶಾಂಭವಿಯ ಕಡೆ ಕಣ್ಣು ತೋರಿಸಿದೆ. ಅವನು ಒಂದು ಹೆಜ್ಜೆ ಮುಂದೆ ಬಂದ.

"ಸಾವ್ಕಾರ್ರೆ, ಕುದುರಿಗೆ ಮನಸು ಗಿನಸು ತಿಳಿಯಂಗಿಲ್ಲರಿ," ಎಂದ. "ಇದು ದಸರಾ ಕುದುರಿ ಅಲ್ಲ. ನಮ್ಮಪ್ಪನ ಟಾಂಗಾ ಕುದುರಿ. ಹೆಸರು ಮಲ್ಲಿ. ಮಳಿ ಬಂದ್ರ ಇಲ್ಲಿ ನಿಲ್ಲೋದು ಇದಕ್ಕ ರೂಢಿ. ಹುಡುಗಂದೂ ತಪ್ಪಿಲ್ಲ, ಆ ಹುಡುಗೀದೂ ತಪ್ಪಿಲ್ಲ."

ಮುರುಗೇಶ ಜನರ ಮುಂದೆ ಇಷ್ಟು ದೊಡ್ಡ ನಿಜ ಹೇಳಿದ್ದು ನನಗೆ ತಿಳಿದಂತೆ ಅದೇ ಮೊದಲು. ಒಬ್ಬರೂ ನಂಬಲಿಲ್ಲ.

"ಎಷ್ಟು ಚಂದ ಕಟ್ಟತಿಯಪ," ಎಂದರು ಕನಕರಾಜ್. "ಅರಮನಿ ಫೋಟೋ ನಾನೇ ಕಣ್ಣಾರ ನೋಡೀನಿ. ಹುಡುಗನ್ನ ಉಳಿಸಾಕ ಈಗ ಕುದುರಿ ಮರ್ಯಾದಿ ತೆಗೀತೀ?"

"ಫೋಟೋ ಸುಳ್ರಿ. ಸ್ಟುಡಿಯೋದಾಗ ಮಾಡಿಸಿದ್ದು."

"ಆನಿ ಸೈತ ಸುಳ್ಳೇನು?"

"ಆನಿ ಖರೇರಿ. ಕುದುರಿ ಖರೇ. ಎರಡೂ ಕೂಡಿ ನಿಂತಿಲ್ಲ."

ಗಂಗಾಂಬಿಕಾ ತಲೆಯಲ್ಲಾಡಿಸಿ, "ಅರಮನಿ ಕುದುರಿಗೆ ಹಿಂಗ ಅನ್ನಬಾರದಪ, ಪಾಪ ಬರತೈತಿ," ಎಂದು ಮಲ್ಲಿಗೊಂದು ನಮಸ್ಕಾರ ಹಾಕಿದಳು. ಹುಡುಗನ ಕಡೆಯ ಹಿರಿಯರೊಬ್ಬರು, ಟಾಂಗಾ ಕುದುರೆಗೆ ಇಷ್ಟು ಗತ್ತು ಇರಲು ಸಾಧ್ಯವೇ ಎಂದು ಕೇಳಿದರು. ತನ್ನ ಸುಳ್ಳನ್ನು ಇಷ್ಟು ಗಟ್ಟಿಯಾಗಿ ಕಟ್ಟಿದ್ದಕ್ಕೆ ಮುರುಗೇಶ ಬೇರೆ ದಿನವಾಗಿದ್ದರೆ ಹೆಮ್ಮೆಪಡುತ್ತಿದ್ದ.

"ದಾರಿ ಬಿಡ್ರಿ, ನಮ್ಮ ಮನಿಗೆ ನಾ ಹೋಗಬ್ಯಾಡೇನು?" ಎಂಬ ದನಿ ಜನರ ಹಿಂದಿನಿಂದ ಬಂತು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು, ಬಗಲಲ್ಲಿ ಗಂಟು ಹಿಡಿದು, ಕಂಪ್ಲಿಯಿಂದ ಆಗತಾನೇ ಬಂದಿಳಿದಿದ್ದ ತಾಯಕ್ಕ. ಅವಳು ಬ್ಯಾಂಡನ್ನು ನೋಡಲಿಲ್ಲ, ಮದುಮಗನನ್ನು ನೋಡಲಿಲ್ಲ. ಕುದುರೆಯ ಮುಂದೆ ಬಂದು ನಿಂತಳು. ಗಂಟು ಕೆಳಗಿಟ್ಟು, ಹಣೆಯ ಗೊಂಡೆ ಸರಿಸಿ, ಅಂಗೈಯಿಂದ ಮೂತಿ ಸವರಿದಳು.

"ಮಲ್ಲಿ," ಎಂದಳು. "ಎಷ್ಟು ಸೊರಗೀಯಬೇ."

ಮಲ್ಲಿ ತಲೆ ಬಗ್ಗಿಸಿ ಅವಳ ಸೆರಗಿನ ತುದಿಯನ್ನು ಬಾಯಿಯಿಂದ ಹುಡುಕತೊಡಗಿದಳು. ಅಲ್ಲಿ ಗಂಟು ಕಟ್ಟಿಕೊಂಡಿದ್ದ ಬೆಲ್ಲ ಕೊಡುತ್ತಿದ್ದ ಕಾಲ ಅವಳಿಗೆ ನೆನಪಿತ್ತು.

ಕನಕರಾಜರಿಗೆ ಇನ್ನೂ ಸಮಾಧಾನವಿಲ್ಲ. "ಅಜ್ಜಿ, ನೀವು ಈ ಹುಡುಗಿ ಕಡೆಯವರು. ಟಾಂಗಾ ಕುದುರಿ ಅಂತ ನೀವೂ ಹೇಳತೀರಿ. ಮಳಿ ನಿಂತು ಭಾಳ ಹೊತ್ತಾತು. ಹಂಗಾರ ಯಾಕ ಹೋಗವಲ್ದು?"

"ಮಳಿ ನಿಂತೈತಿ ಅಂತ ಅದಕ್ಕ ಯಾರು ಹೇಳ್ಯಾರ?" ಎಂದಳು ತಾಯಕ್ಕ. ಮುರುಗೇಶನ ಕಡೆ ತಿರುಗಿದಳು. "ಜಂಬಪ್ಪ ಕೂಗಿದ ಮ್ಯಾಲೆ ಅಲ್ಲೇನು ಇದು ಹೆಜ್ಜಿ ಎತ್ತತಿದ್ದದ್ದು? ನಿಮ್ಮಪ್ಪ ಕೂಗಿದಂಗ ಕೂಗು."

ಮುರುಗೇಶನ ಮುಖದ ಬಣ್ಣ ಇಳಿಯಿತು. ಅವನಿಗೆ ಆ ಕೂಗು ಮರೆತಿತ್ತೆಂದು ನಾನು ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಅವನು ಹೆದರುತ್ತಿದ್ದದ್ದು ಗಣಿತಕ್ಕಲ್ಲ, ಆ ಕೂಗಿಗೆ. ಶಾಲೆಯ ಗೇಟಿನ ಮುಂದೆ ಅಪ್ಪ ಕೂಗುವುದನ್ನು ಗೆಳೆಯರು ಕೇಳಿ ಅಣಕಿಸುತ್ತಾರೆಂದು ಹಿಂದಿನ ತಿರುವಿನಲ್ಲೇ ಟಾಂಗಾದಿಂದ ಹಾರಿ, ಯಾರದೋ ಮಗನ ಹಾಗೆ ನಡೆದು ಬರುತ್ತಿದ್ದ. ಜಂಬಪ್ಪ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಅಲ್ಲಿ ತಾನಾಗಿಯೇ ಕುದುರೆ ನಿಧಾನ ಮಾಡುತ್ತಿದ್ದ, ಹುಡುಗ ಬೀಳದಿರಲೆಂದು.

ಮುರುಗೇಶ ಬಾಯಿ ತೆರೆದ. "ಹತ್ರಿ," ಎಂದ, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಂತೆ.

ಮಲ್ಲಿಯ ಒಂದು ಕಿವಿ ಇತ್ತ ತಿರುಗಿತು.

"ನಿಮ್ಮಪ್ಪ ಹಂಗ ಕೂಗಿದ್ರ ಹಂಪಿತನಕ ಖಾಲಿ ಟಾಂಗಾ ಹೊಡಕೊಂಡು ಹೋಗಬೇಕಿತ್ತು," ಎಂದಳು ತಾಯಕ್ಕ.

ಮುರುಗೇಶ ಜರಿ ರುಮಾಲು ತೆಗೆದು ನನ್ನ ಕೈಗೆ ಕೊಟ್ಟ. ಕತ್ತಿಯನ್ನೂ ಕೊಟ್ಟ. ಕತ್ತೆತ್ತಿ, ಒಂದು ಕೈಯನ್ನು ಕಿವಿಗೆ ಹಚ್ಚಿ ಕೂಗಿದ.

"ಮಳಿ ಬಿಡ್ತ್ರೀ... ಹತ್ರಿ ಹತ್ರಿ ಹತ್ರಿ... ಕಡ್ಡಿರಾಂಪುರ, ಹಂಪೀ... ಚಾ ಕುಡದವರು ಹತ್ರಿ, ಕುಡೀದವರೂ ಹತ್ರೀ..."

ಅದು ಮುರುಗೇಶನ ದನಿಯಲ್ಲ. ಅದೇ ಎಳೆತ, ಕೊನೆಯಲ್ಲಿ ಅದೇ ಸಣ್ಣ ನಗೆ. ಜಂಬಪ್ಪನೇ ಓಣಿಯ ತುದಿಯಲ್ಲಿ ನಿಂತು ಕೂಗಿದಂತೆ ನನ್ನ ಮೈ ನವಿರೆದ್ದಿತು. ಮುರುಗೇಶನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಮಲ್ಲಿ ಒಮ್ಮೆ ಮೈ ಕೊಡವಿ, ಮೂಗಿನಿಂದ ಉಸಿರು ಬಿಟ್ಟು, ತಗಡಿನ ಕೆಳಗಿನಿಂದ ಹೆಜ್ಜೆ ಎತ್ತಿದಳು. ಮೇಲೆ ಕುಳಿತ ಲಿಂಗರಾಜ ಅವಳ ಕುತ್ತಿಗೆ ತಬ್ಬಿಕೊಂಡ.

ಜನರಲ್ಲಿ ಒಂದು ವಿಚಿತ್ರ ಸಂಚಲನವಾಯಿತು. ಹುಡುಗನ ಕಡೆಯ ಆ ಹಿರಿಯರು ಧೋತರ ಎತ್ತಿ ಕಟ್ಟಿದರು. ಗಂಗಾಂಬಿಕಾ ಆರತಿ ತಟ್ಟೆ ಕಟ್ಟೆಯ ಮೇಲಿಟ್ಟು ಚಪ್ಪಲಿ ಹುಡುಕತೊಡಗಿದಳು. ಟಾಂಗಾ ಎಲ್ಲಿ ತಪ್ಪಿಹೋಗುತ್ತದೋ ಎಂಬ ಅವಸರ ಅವರಿಗೆ, ಯಾಕೆಂದು ಅವರಿಗೇ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ನ್ಯಾಯಕ್ಕೆ ಕುಳಿತಿದ್ದ ಉಚ್ಚೆಂಗಮ್ಮ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಚೀಲ ಕಂಕುಳಲ್ಲಿಟ್ಟು, ಕುದುರೆಯ ಹಿಂದೆ ಬೇಗ ಬೇಗ ಹೆಜ್ಜೆ ಹಾಕಿದರು.

"ನಿಲ್ಲಿಸಪ, ನಿಲ್ಲಿಸು," ಎಂದರು ಏದುಸಿರು ಬಿಡುತ್ತ. "ಹಿಂದ ಒಬ್ಬರಿಗೆ ಜಾಗ ಐತೇನು?"

"ಅವ್ವಾ," ಎಂದರು ಕನಕರಾಜ್ ಕಕ್ಕಾಬಿಕ್ಕಿಯಾಗಿ.

ಮುರುಗೇಶ ತಿರುಗಿಯೂ ನೋಡಲಿಲ್ಲ. "ಐತ್ರಿ ಅವ್ವಾರ, ಬರ್ರಿ ಬರ್ರಿ," ಎಂದ. "ಮುಂದಿನವರು ಒಂಚೂರು ಸರಕೋರಿ."

ಮದುಮಗ ಲಿಂಗರಾಜ ಬಾಸಿಂಗ ಸರಿಪಡಿಸಿಕೊಂಡು, ಜೀನಿನ ಮೇಲೆ ಮುಂದಕ್ಕೆ ಸರಿದು ಕುಳಿತ.